ಹೊಂದುವ ರಿಮೋಟು ಯಾವುದು?

ಟೆಲಿವಿಷನ್ನಿನ ರಿಮೋಟು ಕೆಟ್ಟರೆ ಅಂಗಡಿಗೆ ಹೋಗಿ ಅದರಂತೆಯೇ ಕಾಣುವ ಮತ್ತೊಂದನ್ನು ಕೊಂಡುತರುವುದು ರೂಢಿ. ಅದೇ ಆಕಾರ, ಅವೇ ಗುಂಡಿಗಳು. ಆದರೂ ಪೆಟ್ಟಿಗೆ ಮಿಸುಕದು. ನೆರೆಮನೆಯವರ ಬೇರೊಂದು ಆಕಾರದ ರಿಮೋಟಿಗೆ ಅದೇ ಪೆಟ್ಟಿಗೆ ಒಮ್ಮೊಮ್ಮೆ ಥಟ್ಟನೆ ಓಗೊಡುವುದೂ ಉಂಟು. ಹೊಂದಿಕೆಯೆಂಬುದು ರೂಪದಲ್ಲಿಲ್ಲ, ಅದು ಹೊರಸೂಸುವ ಬೆಳಕಿನ ಮಿಡಿತದಲ್ಲಿದೆ.

ಬೆಳಕಿನಿಂದ ಅಪ್ಪಣೆ ಕೊಡುವ ಯತ್ನ ಹಳೆಯದು. 1955ರಲ್ಲಿ ಅಮೆರಿಕದ ಜೆನಿತ್ ಸಂಸ್ಥೆಯ ಯೂಜೀನ್ ಪಾಲಿ ರಚಿಸಿದ ‘ಫ್ಲ್ಯಾಶ್‌ಮ್ಯಾಟಿಕ್’ ಒಂದು ಬಗೆಯ ಕೈದೀಪವೇ ಸರಿ. ತೆರೆಯ ನಾಲ್ಕು ಮೂಲೆಗಳಲ್ಲಿದ್ದ ದ್ಯುತಿಕೋಶಗಳ ಮೇಲೆ ಅದರ ಬೆಳಕನ್ನು ಬೀರಬೇಕಾಗಿತ್ತು. ಆದರೆ ಬಿಸಿಲು ಬಿದ್ದರೂ ಕೋಶಗಳು ಅಪ್ಪಣೆಯಾಯಿತೆಂದೇ ತಿಳಿಯುತ್ತಿದ್ದವು! ಮರುವರ್ಷ ಅದೇ ಸಂಸ್ಥೆಯ ರಾಬರ್ಟ್ ಆಡ್ಲರ್ ಬೆಳಕನ್ನು ಬಿಟ್ಟು, ಅಲ್ಯೂಮಿನಿಯಮ್ ಸರಳುಗಳನ್ನು ಬಡಿದು ಕಿವಿಗೆ ಕೇಳದ ಶಬ್ದವನ್ನು ಹೊರಡಿಸುವ ಉಪಾಯವನ್ನು ಬಳಕೆಗೆ ತಂದರು.

ಇಂದಿನ ಸಾಮಾನ್ಯ ರಿಮೋಟು ಮತ್ತೆ ಬೆಳಕನ್ನೇ ಆಶ್ರಯಿಸಿದೆ, ಸುಮಾರು 0.94 ಮೈಕ್ರಾನ್ ಅಲೆಯುದ್ದದ, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಬಿಸಿಲಿನಲ್ಲಿಯೂ ಅವಕೆಂಪು ಕಿರಣಗಳು ಹೇರಳವಾಗಿವೆಯಷ್ಟೆ. ಹಾಗಾದರೆ ಪೆಟ್ಟಿಗೆ ಮೋಸಹೋಗದಿರುವುದು ಹೇಗೆ? ರಿಮೋಟಿನ ದೀಪವು ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ. ಗ್ರಾಹಕವು ಈ ವೇಗದ ಮಿನುಗನ್ನು ಮಾತ್ರ ಆರಿಸಿಕೊಂಡು, ಒಂದೇ ಸಮನೆ ಬೀಳುವ ಬಿಸಿಲನ್ನು ಕೈಬಿಡುತ್ತದೆ.

ಇನ್ನು ಸಂದೇಶದ ಮಾತು. ಬಹಳ ಪ್ರಚಾರದಲ್ಲಿರುವ ಎನ್‌ಇಸಿ ಪದ್ಧತಿಯನ್ನು ನೋಡೋಣ. ಮೊದಲು 9 ಮಿಲಿಸೆಕೆಂಡುಗಳ ಮಿನುಗು, ಆಮೇಲೆ 4.5 ಮಿಲಿಸೆಕೆಂಡುಗಳ ಮೌನ. ಅನಂತರ ಸೊನ್ನೆ ಮತ್ತು ಒಂದುಗಳ ಸಾಲು: ಸೊನ್ನೆಗೆ 1.125, ಒಂದಕ್ಕೆ 2.25 ಮಿಲಿಸೆಕೆಂಡು. ಮೊದಲಿನ 8 ಅಂಕಗಳು ವಿಳಾಸ. ಆಮೇಲೆ ಅವುಗಳನ್ನೇ ತಿರುವುಮುರುವು ಮಾಡಿದ 8 ಅಂಕಗಳು. ಅಪ್ಪಣೆಗೂ ಹಾಗೆಯೇ. ಸೊನ್ನೆಯಿದ್ದಲ್ಲಿ ಒಂದು, ಒಂದಿದ್ದಲ್ಲಿ ಸೊನ್ನೆ ಬರುವುದರಿಂದ ತಪ್ಪು ಒಡನೆಯೇ ಸಿಕ್ಕಿಬೀಳುತ್ತದೆ. ಒಂದು ಸ್ವಾರಸ್ಯವೂ ಇದೆ: ಯಾವ ಗುಂಡಿಯನ್ನೊತ್ತಿದರೂ ಸಂದೇಶಕ್ಕೆ ಹಿಡಿಯುವ ಕಾಲ 67.5 ಮಿಲಿಸೆಕೆಂಡುಗಳೇ. ಏಕೆಂದು ವಿದ್ಯಾರ್ಥಿಗಳು ಕೂಡಿ ನೋಡಬಹುದು.

ಫಿಲಿಪ್ಸ್‌ನವರ ಆರ್‌ಸಿ-5 ಪದ್ಧತಿಯ ಮಿನುಗು 36,000, ಸೋನಿಯವರದು 40,000. ಅಂಕಗಳ ಜೋಡಣೆಯೂ ಬೇರೆ. ಮಿನುಗಿನ ವೇಗ ತುಸು ತಪ್ಪಿದರೆ ರಿಮೋಟು ಹತ್ತಿರದಿಂದ ಕೆಲಸಮಾಡಿ ದೂರದಿಂದ ಸೋಲಬಹುದು. ಜೋಡಣೆ ಅಥವಾ ವಿಳಾಸ ತಪ್ಪಿದರೆ ಎಷ್ಟು ಹತ್ತಿರ ಹಿಡಿದರೂ ವ್ಯರ್ಥ. ಒಂದೇ ಹೆಸರಿನ ಎರಡು ಪೆಟ್ಟಿಗೆಗಳ ವಿಳಾಸಗಳು ಬೇರೆಯಾಗಿರಬಹುದು; ಬೇರೆ ಹೆಸರಿನವು ಒಂದೇ ಆಗಿರಲೂಬಹುದು.

ಆದುದರಿಂದ ಕೊಳ್ಳುವ ಮೊದಲು ಹಳೆಯದು ನಿಜವಾಗಿ ಸತ್ತಿದೆಯೇ ಎಂದು ನೋಡಬೇಕು. ಹೊಸ ಸೆಲ್ಲು ಹಾಕಿ, ಮೊಬೈಲಿನ ಮುಂಭಾಗದ ಕ್ಯಾಮೆರಾಕ್ಕೆ ಹಿಡಿದು ಗುಂಡಿಯೊತ್ತಿದರೆ ತೆರೆಯ ಮೇಲೆ ಮಸುಕಾದ ನೇರಳೆ ಛಾಯೆಯ ಚುಕ್ಕೆ ಸಾಮಾನ್ಯವಾಗಿ ಮಿನುಗುತ್ತದೆ. ಮಿನುಗಿದರೆ ದೋಷವು ಪೆಟ್ಟಿಗೆಯಲ್ಲಿರಬಹುದು. ಹೊಸ ರಿಮೋಟಿಗೆ ಹಣ ಸುರಿಯುವುದು ದಂಡ. ಅಂಗಡಿಗೆ ಹೋಗುವಾಗ ಪೆಟ್ಟಿಗೆಯ ಬೆನ್ನಿನ ಮೇಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಳ್ಳುವುದು ಒಳ್ಳೆಯದು, ಆಕಾರವನ್ನು ನಂಬುವಂತಿಲ್ಲ.

ಹಳೆಯದರಿಂದ ಮಿಡಿತಗಳನ್ನು ಕಲಿತುಕೊಳ್ಳುವ ರಿಮೋಟುಗಳೂ ಇವೆ. ಆಪಲ್ ಖ್ಯಾತಿಯ ಸ್ಟೀವ್ ವೋಜ್ನಿಯಾಕ್ 1987ರಲ್ಲಿಯೇ ಇಂಥದೊಂದನ್ನು ಮಾರುಕಟ್ಟೆಗೆ ತಂದಿದ್ದರು. ಇವಕ್ಕೆ ಪಾಠ ಹೇಳಲು ಹಳೆಯ ರಿಮೋಟು ಬದುಕಿರಬೇಕು. ಒಂದೆರಡು ಗುಂಡಿಗಳು ಸೋಲತೊಡಗಿದಾಗಲೇ ಉಳಿದವನ್ನು ಕಲಿಸಿಬಿಡುವುದು ಲೇಸು. ಬ್ಲೂಟೂತ್ ರೇಡಿಯೋ ತರಂಗಗಳಿಂದ ಮಾತನಾಡುವ ಈಚಿನ ರಿಮೋಟುಗಳಿಗೆ ಈ ಉಪಾಯ ಒದಗದು. ಅವನ್ನು ಪೆಟ್ಟಿಗೆಯೊಡನೆ ಹೊಸದಾಗಿಯೇ ಜೋಡಿಸಬೇಕು.