ಊರಿಗೊಬ್ಬ ಒಡೆಯ

‘ಫಿನೀಷಿಯನ್ನರು’ ಎಂಬುದು ಗ್ರೀಕರು ಇಟ್ಟ ಹೆಸರು. ಇಂದಿನ ಲೆಬನಾನಿನ ಕರಾವಳಿಯಲ್ಲಿ ಬಾಳಿದ, ಕಡಲ ಬಸವನಹುಳುವಿನಿಂದ ಕೆನ್ನೇರಳೆ ಬಣ್ಣ ತೆಗೆದು ಮಾರಿದ ಈ ಜನ ತಮ್ಮನ್ನು ಟೈರಿನವರು, ಸೈಡನ್ನಿನವರು ಎಂದು ಊರ ಹೆಸರಿನಿಂದ ಹೇಳಿಕೊಂಡರು. ಅವರ ನಂಬಿಕೆಯ ಬಾಗಿಲೂ ಇಲ್ಲೇ ಇದೆ.

ಓದುಗರು ಎಡವುವುದು ‘ಬಾಲ್’ ಎಂಬ ಮಾತಿನಲ್ಲಿ. ಬೈಬಲ್ ಓದಿದವರು ಇದನ್ನು ಒಬ್ಬನೇ ದೇವರ ಹೆಸರೆಂದು ತಿಳಿಯುತ್ತಾರೆ. ಅದು ಒಡೆಯ ಎಂಬರ್ಥದ ದಿನಬಳಕೆಯ ಪದ. ನಮ್ಮ ‘ಯಜಮಾನ’ದ ಹಾಗೆ ಗಂಡನಿಗೂ ಸಲ್ಲುತ್ತಿತ್ತು. ಹಾಗಾಗಿ ಬಾಲ್ ಎಂದು ಕಂಡಲ್ಲೆಲ್ಲ ‘ಯಾವುದರ ಒಡೆಯ?’ ಎಂದು ಕೇಳಬೇಕು. ಬಾಲ್ ಶಮೇಮ್ ಆಕಾಶದೊಡೆಯ. ಬಿಬ್ಲಸ್ಸಿನಲ್ಲಿ ಒಡತಿಯದೇ ಹಿರಿತನ: ಬಾಲತ್ ಗುಬಾಲ್. ಗುಬಾಲ್ ಎಂದರೆ ಆ ಊರೇ.

ಟೈರಿನ ಮೆಲ್ಕಾರ್ತನನ್ನು ನೋಡಿ. ಮಿಲ್ಕ್ ಎಂದರೆ ಅರಸ, ಕರ್ತ್ ಎಂದರೆ ಪಟ್ಟಣ. ಎರಡು ಸೇರುವಾಗ ನಡುವಿನ ಸದ್ದುಗಳು ಒಂದರಲ್ಲೊಂದು ಕರಗಿ ‘ಪಟ್ಟಣದ ಅರಸ’ ಆಯಿತು. ಟೈರಿನವರು ಆಫ್ರಿಕದ ದಡದಲ್ಲಿ ನೆಲೆಯೂರಿದಾಗ ಆ ಊರನ್ನು ಕರ್ತ್ ಹದಶ್ತ್, ಹೊಸ ಪಟ್ಟಣ, ಎಂದು ಕರೆದರು. ಅದೇ ಕಾರ್ತೇಜ್. ಆ ಹೊಸ ಪಟ್ಟಣ ಶ್ರೀಮಂತವಾಗಿ ಬೆಳೆದ ಮೇಲೂ ತವರಿನ ಮೆಲ್ಕಾರ್ತನ ಗುಡಿಗೆ ಕಾಣಿಕೆ ಹೊತ್ತ ದೂತರನ್ನು ಕಳಿಸುತ್ತಲೇ ಇತ್ತು.

ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಟೈರಿನ ಮುಂದೆ ನಿಂತು, ಒಳಗೆ ಬಂದು ಮೆಲ್ಕಾರ್ತನಿಗೆ ಬಲಿ ಅರ್ಪಿಸುತ್ತೇನೆ ಎಂದ. ಗ್ರೀಕರ ಕಣ್ಣಿಗೆ ಮೆಲ್ಕಾರ್ತನೆಂದರೆ ತಮ್ಮ ಹೆರಾಕ್ಲಿಸ್. ಉಳಿದೆಲ್ಲಕ್ಕೂ ತಲೆಬಾಗಲು ಸಿದ್ಧರಿದ್ದ ಟೈರಿನವರು ಇದೊಂದಕ್ಕೆ ಒಪ್ಪಲಿಲ್ಲ. ಹಲವು ಪುಸ್ತಕಗಳು ಇದನ್ನು ಹಟಮಾರಿತನ ಎನ್ನುತ್ತವೆ. ನನಗೆ ಹಾಗೆ ತೋರುವುದಿಲ್ಲ. ಪಟ್ಟಣದ ಅರಸನ ಮುಂದೆ ಬಲಿ ಕೊಡುವವನು ಪಟ್ಟಣಕ್ಕೇ ಅರಸನಾಗುತ್ತಾನೆ. ಪೂಜೆಯ ಮಾತಿನೊಳಗೆ ಪಟ್ಟಾಭಿಷೇಕ ಅಡಗಿತ್ತು. ಏಳು ತಿಂಗಳು ಮುತ್ತಿಗೆ ನಡೆಯಿತು. ದ್ವೀಪದ ಊರನ್ನು ಮುಟ್ಟಲು ಆತ ಕಡಲಿಗೇ ದಾರಿ ಹಾಕಿಸಿದ. ಗೆದ್ದ ಮೇಲೆ ಆ ಬಲಿಯನ್ನೂ ಕೊಟ್ಟ.

ಅಲೆಕ್ಸಾಂಡರನ ಈ ಕತೆ ಹೊರಗಿನವರು ಬರೆದಿಟ್ಟದ್ದು. ಫಿನೀಷಿಯನ್ನರದೇ ದನಿ ಬೇಕೆಂದರೆ 1855ರಲ್ಲಿ ಸೈಡನ್ನಿನಲ್ಲಿ ಸಿಕ್ಕ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ದೊರೆ ಎಶ್ಮುನಜರನ ಕಪ್ಪು ಕಲ್ಲಿನ ಶವಪೆಟ್ಟಿಗೆಯ ಬಳಿ ಹೋಗಬೇಕು. ಕಾಲಕ್ಕೆ ಮೊದಲೇ ಹೊರಟೆ, ವಿಧವೆಯ ಮಗ ನಾನು ಎಂದು ಅದರ ಮೇಲೆ ಕೆತ್ತಿದ ಬರಹದಲ್ಲಿ ಆತ ನೊಂದು ಹೇಳುತ್ತಾನೆ. ಪೆಟ್ಟಿಗೆ ತೆರೆದವನಿಗೆ ಸತ್ತ ಮೇಲೂ ನೆಮ್ಮದಿ ಸಿಗದಿರಲಿ ಎಂದು ಶಪಿಸುತ್ತಾನೆ. ತಾಯಿಯೊಡನೆ ಕಟ್ಟಿಸಿದ ಗುಡಿಗಳನ್ನು ಎಣಿಸುವಾಗ ಬರುವ ಒಂದು ಹೆಸರು: ಬಾಲ್ ಸಿದೋನ್. ಸೈಡನ್ನಿನೊಡೆಯ!

ಕೇಳುವ ಮಂದಿಗೆಲ್ಲ ಈ ಫಿನೀಷಿಯನ್ ಲಿಪಿ ಕಲಿಯಿರಿ ಎಂದು ಹೇಳುತ್ತೇನೆ. ಇರುವುದು 22 ಅಕ್ಷರ. ನಮ್ಮ ‘ಕ’ದೊಳಗೆ ‘ಅ’ ಕೂತಿದೆ. ಅಲ್ಲಿ ಬರಿಯ ವ್ಯಂಜನ, ಸ್ವರವನ್ನು ಓದುವವರೇ ತುಂಬಬೇಕು. ಐದೇ ಅಕ್ಷರದ ಹೆಸರೊಂದನ್ನು ಮೊದಲು ಓದಿ. ಮೊದಲೆರಡು ‘ಕೃಪೆ’, ಉಳಿದ ಮೂರು ‘ಬಾಲ್’: ರೋಮನ್ನರ ನಿದ್ದೆ ಕೆಡಿಸಿದ ಕಾರ್ತೇಜಿನ ಹ್ಯಾನಿಬಲ್.