ಜೀಪಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸೋ ಮುಂಚೆ ರೇಡಿಯೇಟರ್ ನೋಡಿ

ಈ ವಾರ ಬೆಳೆ ವಿಚಾರ ಬಿಟ್ಟು ಬೆಳೆ ಹೊರುವ ಗಾಡಿಯ ವಿಚಾರ. ಕಡೂರು, ಅಜ್ಜಂಪುರ ಕಡೆಯಿಂದ ಕುರಿಗೊಬ್ಬರ ತುಂಬಿಕೊಂಡು ತರೀಕೆರೆ ಕಡೆಯ ಅಡಿಕೆ ತೋಟಕ್ಕೆ ಬರುವ ಹಳೇ ಡೀಸೆಲ್ ಜೀಪುಗಳು ಏಪ್ರಿಲ್ ಬಿಸಿಲಲ್ಲಿ ಬಾಯ್ಲ್ ಆಗೋದು ಹೊಸದೇನಲ್ಲ. ಆಗ ಎಲ್ಲರದ್ದೂ ಒಂದೇ ಸಲಹೆ, "ಬೆಲ್ಟ್ ಫ್ಯಾನ್ ಬಿಚ್ಚಿ ಎಲೆಕ್ಟ್ರಿಕ್ ಫ್ಯಾನ್ ಹಾಕ್ಸಿ". ನಾನೂ ಹಾಕಿಸಿದೆ. ಹದಿನೈದೇ ದಿನಕ್ಕೆ ಲಿಂಗದಹಳ್ಳಿ ದಾಟಿ ಏರು ಹತ್ತುವಾಗ ಮತ್ತೆ ಬಾಯ್ಲ್ ಆಗಿ ಹೆಡ್ ಗ್ಯಾಸ್ಕೆಟ್ ಹೋಯ್ತು. ತಪ್ಪು ಫ್ಯಾನಿನದ್ದಲ್ಲ, ನನ್ನದು. ಯಾಕೆ ಅಂತ ಹೇಳ್ತೀನಿ.

ಎರಡು ಫ್ಯಾನಿಗೂ ಏನು ವ್ಯತ್ಯಾಸ?

ಬೆಲ್ಟ್ ಫ್ಯಾನ್ ಎಂಜಿನ್ ಜೊತೆಗೇ ತಿರುಗುತ್ತೆ. ಲೋಡ್ ಹಾಕಿಕೊಂಡು ನಿಧಾನಕ್ಕೆ ಹೋಗುವಾಗ, ಸಂತೆಯಲ್ಲಿ ನಿಂತಾಗ ಗಾಳಿ ಜಾಸ್ತಿ ಬೇಕು. ಆದರೆ ಆಗಲೇ ಎಂಜಿನ್ ನಿಧಾನ, ಫ್ಯಾನೂ ನಿಧಾನ. ಬಿ.ಎಚ್. ರಸ್ತೆಯಲ್ಲಿ ಜೋರಾಗಿ ಹೋಗುವಾಗ ಎದುರುಗಾಳಿಯೇ ಸಾಕು. ಆಗ ಫ್ಯಾನ್ ಸುಮ್ಮನೆ ಡೀಸೆಲ್ ತಿನ್ನುತ್ತೆ. ಫ್ಯಾನಿನ ವೇಗ ಎರಡರಷ್ಟಾದರೆ ಅದನ್ನು ತಿರುಗಿಸಲು ಸುಮಾರು ಎಂಟರಷ್ಟು ಶಕ್ತಿ ಬೇಕು.

ಎಲೆಕ್ಟ್ರಿಕ್ ಫ್ಯಾನ್ ನೀರು ಬಿಸಿಯಾದಾಗ ಮಾತ್ರ ಓಡುತ್ತೆ, ಎಂಜಿನ್ ಐಡಲ್‌ನಲ್ಲಿದ್ದರೂ ಪೂರ್ತಿ ವೇಗದಲ್ಲಿ ಓಡುತ್ತೆ. ಲಾಭ ಇರೋದು ಇಲ್ಲೇ.

ಮೊದಲು ಕಾಯಿಲೆ ಗುರುತಿಸಿ

ಎಲೆ ಹಳದಿಯಾದ ಕೂಡಲೇ ಯೂರಿಯಾ ಹಾಕ್ತೀವಾ? ಬೇರು ನೋಡ್ತೀವಿ. ಇಲ್ಲೂ ಹಾಗೇ. ನಿಂತಾಗ, ನಿಧಾನ ಹೋಗುವಾಗ ಮಾತ್ರ ಬಿಸಿಯಾಗಿ, ವೇಗ ಹಿಡಿದ ಮೇಲೆ ಮುಳ್ಳು ಇಳಿದರೆ ಅದು ಬಹುತೇಕ ಗಾಳಿಯ ಕೊರತೆ, ಫ್ಯಾನ್ ಬದಲಾಯಿಸಿದರೆ ಉಪಯೋಗ ಇದೆ. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗಲೂ ಬಿಸಿಯಾದರೆ ರೇಡಿಯೇಟರ್, ಥರ್ಮೋಸ್ಟ್ಯಾಟ್ ಅಥವಾ ವಾಟರ್ ಪಂಪ್ ನೋಡಿಸಿ. ಆಗ ಯಾವ ಫ್ಯಾನ್ ಹಾಕಿದರೂ ಅಷ್ಟೇ.

ನನ್ನ ಜೀಪು ಎರಡು ಕಡೆಯೂ ಬಿಸಿಯಾಗ್ತಿತ್ತು, ನಾನು ಗಮನಿಸಲಿಲ್ಲ. ಗ್ಯಾಸ್ಕೆಟ್ ಹೋದ ಮೇಲೆ ರೇಡಿಯೇಟರ್ ಬಿಚ್ಚಿಸಿದರೆ ಒಳಗಿನ ಕೊಳವೆಗಳಲ್ಲಿ ಬಿಳಿ ಗಸಿ. ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದ ಫಲ. ಗಡಸು ನೀರು ಡ್ರಿಪ್ ಪೈಪನ್ನು ಹೇಗೆ ಕಟ್ಟಿಹಾಕುತ್ತೋ ರೇಡಿಯೇಟರನ್ನೂ ಹಾಗೇ ಕಟ್ಟಿಹಾಕುತ್ತೆ. ಬೋರ್ ನೀರು ಬೇಡ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಹಾಕಿ.

ಹಾಕಿಸುವಾಗ ಗಮನಿಸಿ

• ಫ್ಯಾನ್ ಮಾತ್ರ ಬಿಚ್ಚಬೇಕು, ಬೆಲ್ಟ್ ಅಲ್ಲ. ಹಳೇ ಗಾಡಿಗಳಲ್ಲಿ ವಾಟರ್ ಪಂಪ್, ಆಲ್ಟರ್ನೇಟರ್ ಓಡೋದು ಅದೇ ಬೆಲ್ಟಿನಿಂದ.
• ಫ್ಯಾನ್ ರೇಡಿಯೇಟರ್‌ಗೂ ಎಂಜಿನ್‌ಗೂ ನಡುವೆ ಕೂರಬೇಕು, ಗಾಳಿ ಎಳೆದುಕೊಳ್ಳಬೇಕು. ಓಡುವಾಗ ರೇಡಿಯೇಟರ್ ಮುಂದೆ ಒಂದು ಹಾಳೆ ಹಿಡಿಯಿರಿ. ಅಂಟಿಕೊಂಡರೆ ಸರಿ, ಹಾರಿಹೋದರೆ ಉಲ್ಟಾ ತಿರುಗ್ತಿದೆ.
• ಸುತ್ತಲೂ ತಗಡಿನ ಕವಚ ಇರಲಿ. ಇಲ್ಲದಿದ್ದರೆ ಫ್ಯಾನ್ ಎದುರಿನ ಜಾಗಕ್ಕೆ ಮಾತ್ರ ಗಾಳಿ ಸಿಗುತ್ತೆ.
• 12 ವೋಲ್ಟಿನ ಫ್ಯಾನ್ 15 ಆಂಪ್ಸ್ ಎಳೆದರೆ 180 ವ್ಯಾಟ್. ಶುರುವಾಗುವಾಗ ಇನ್ನೂ ಜಾಸ್ತಿ. ಅದನ್ನು ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ನೇರ ಕೊಟ್ಟರೆ ವೈರ್ ಸುಡುತ್ತೆ. ಬ್ಯಾಟರಿ ಪಕ್ಕದಲ್ಲೇ 30 ಆಂಪ್ಸ್ ಫ್ಯೂಸ್, 40 ಆಂಪ್ಸ್ ರಿಲೇ, 4 ಚದರ ಮಿ.ಮೀ. ವೈರ್, ಗಟ್ಟಿ ಅರ್ಥ್ ಇರಲಿ.
• ಥರ್ಮೋಸ್ಟ್ಯಾಟ್ 82 ಡಿಗ್ರಿಗೆ ತೆರೆಯೋದಾದರೆ ಫ್ಯಾನ್ ಸುಮಾರು 92ಕ್ಕೆ ಶುರುವಾಗಿ 87ಕ್ಕೆ ನಿಲ್ಲೋ ಸ್ವಿಚ್ ಸಾಕು. ಅದು ಕೈಕೊಟ್ಟಾಗ ಬಳಸಲು ರಿಲೇ ಮೂಲಕವೇ ಒಂದು ಕೈ ಸ್ವಿಚ್ ಇಟ್ಟುಕೊಳ್ಳಿ.
• ರಾತ್ರಿ ಹೆಡ್‌ಲೈಟ್ ಎರಡೂ ಸೇರಿ ಸುಮಾರು 10 ಆಂಪ್ಸ್ ಎಳೆಯುತ್ತವೆ. ಫ್ಯಾನೂ ಸೇರಿದರೆ ನಿಮ್ಮ ಆಲ್ಟರ್ನೇಟರ್ ತಡೆಯುತ್ತಾ ಅಂತ ಆಟೋ ಎಲೆಕ್ಟ್ರಿಷಿಯನ್ ಹತ್ರ ಮೊದಲೇ ಕೇಳಿ.

ಯಾರಿಗೆ ಬೇಡ?

ಟ್ರ್ಯಾಕ್ಟರಿಗೆ ಬೇಡ. ರೋಟವೇಟರ್ ಹೊಡೆಯುವಾಗ, ರಾಗಿ ಒಕ್ಕಣೆ ಮಾಡುವಾಗ ಎಂಜಿನ್ ಗಂಟೆಗಟ್ಟಲೆ ಪೂರ್ತಿ ಲೋಡಿನಲ್ಲಿರುತ್ತೆ, ಎದುರುಗಾಳಿ ಇರಲ್ಲ, ಮೇಲಿಂದ ಹೊಟ್ಟು, ಧೂಳು. ಕಾರಿನ ಫ್ಯಾನ್ ಅದಕ್ಕೆ ಸಾಲೋದಿಲ್ಲ. ಎಂಜಿನ್ ತಣಿದ ಮೇಲೆ ರೇಡಿಯೇಟರ್ ಜಾಲರಿ ತೊಳೆಯಿರಿ, ಬೆಲ್ಟ್ ಬಿಗಿ ನೋಡಿಕೊಳ್ಳಿ, ಸಾಕು. ವಾರಂಟಿ ಇರುವ ಹೊಸ ಪಿಕಪ್‌ಗೂ ಕೈ ಹಾಕಬೇಡಿ.

ಕೊನೆಗೆ ಒಂದು ಎಚ್ಚರಿಕೆ. ಎಂಜಿನ್ ನಿಲ್ಲಿಸಿದ ಮೇಲೂ ಈ ಫ್ಯಾನ್ ತಾನಾಗೇ ಓಡಬಹುದು. ಬಾನೆಟ್ ಎತ್ತಿ ಕೈ ಹಾಕುವ ಮುಂಚೆ ಬ್ಯಾಟರಿ ವೈರ್ ತೆಗೆಯಿರಿ. ಬಿಸಿ ರೇಡಿಯೇಟರಿನ ಮುಚ್ಚಳ ಯಾವತ್ತೂ ತೆಗೆಯಬೇಡಿ.

ರೇಡಿಯೇಟರ್ ಸರಿ ಮಾಡಿಸಿದ ಮೇಲೆ ನನ್ನ ಜೀಪು ಅದೇ ಏರನ್ನು ಅದೇ ಲೋಡಿನಲ್ಲಿ ಹತ್ತುತ್ತಿದೆ, ಫ್ಯಾನೂ ಅದೇ. ಮೊದಲೇ ರೇಡಿಯೇಟರ್ ಬಿಚ್ಚಿಸಿದ್ದರೆ ಗ್ಯಾಸ್ಕೆಟ್ ದುಡ್ಡಿಗೆ ಇನ್ನೊಂದು ಲೋಡ್ ಗೊಬ್ಬರ ಬರ್ತಿತ್ತು.