ಗೋಡೆಯ ಮೇಲೆ ನಡೆದ ಪಾಠ

ಶಾಲೆಯ ಮಕ್ಕಳೆಲ್ಲ ಸೇರಿ ಮಾಡುವ ದೊಡ್ಡ ಕಲಾಕೃತಿ ಎಂದರೆ ಈಗ ನೆನಪಾಗುವುದು ಒಂದೇ: ಮೈದಾನದಲ್ಲಿ ನೂರಾರು ಮಕ್ಕಳನ್ನು ಬಿಸಿಲಿಗೆ ಕೂರಿಸಿ ಭಾರತದ ನಕ್ಷೆ ಮಾಡಿಸುವುದು, ಡ್ರೋನ್ ಹಾರಿಸಿ ಫೋಟೊ ತೆಗೆಯುವುದು. ಆ ನಕ್ಷೆಯಲ್ಲಿ ಮಗು ಬರೀ ಚುಕ್ಕಿ. ಇದಕ್ಕೆ ಪೂರ್ತಿ ಉಲ್ಟಾ ಆದ ಕೆಲಸವನ್ನು ನೋಡಬೇಕಿದ್ದರೆ ಶಾಂತಿನಿಕೇತನದ ಕಲಾಶಾಲೆ ಕಲಾಭವನಕ್ಕೆ ಹೋಗಬೇಕು.

ಅಲ್ಲೊಂದು ವಿದ್ಯಾರ್ಥಿನಿಲಯವಿದೆ. ಮಣ್ಣಿನ ಗೋಡೆ, ಮೇಲೆ ಡಾಂಬರು. ಊರಿನವರ ಬಾಯಲ್ಲಿ ‘ಕಾಲೋ ಬಾಡಿ’, ಅಂದರೆ ಕಪ್ಪು ಮನೆ. 1930ರ ದಶಕದ ನಡುವೆ ನಂದಲಾಲ್ ಬೋಸ್ ಮತ್ತು ರಾಮಕಿಂಕರ್ ಬೈಜ್ ಅವರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳು ಇದರ ಹೊರಮೈ ತುಂಬ ಉಬ್ಬುಚಿತ್ರಗಳನ್ನು ಮೂಡಿಸಿದರು. ಭರ್ಹುತ್, ಮಹಾಬಲಿಪುರ, ಈಜಿಪ್ಟ್, ಅಸ್ಸೀರಿಯಾ ಎಲ್ಲವೂ ಒಂದೇ ಮನೆಯ ಗೋಡೆಗೆ ಬಂದಿವೆ. ಕಲೆಯ ಇತಿಹಾಸವನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆಯುವ ಬದಲು ಹುಡುಗರು ಅದನ್ನು ಕೈಯಾರೆ ಮಣ್ಣಿನಲ್ಲಿ ತಿದ್ದಿ, ಅದೇ ಗೋಡೆಯ ಒಳಗೆ ಮಲಗಿದರು. ಯಾವ ಆಕೃತಿ ಯಾರದೆಂದು ಹುಡುಕುವುದರಲ್ಲಿ ಅರ್ಥವಿಲ್ಲ.

ಕಲಾಭವನ ಶುರುವಾದದ್ದು 1919ರಲ್ಲಿ. ಅದನ್ನು ಬೆಳೆಸಿದ ನಂದಲಾಲರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರು, ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರೂ ಅದೇ ಗರಡಿಯವರು. ನಂದಲಾಲರಿಗೆ ದೊಡ್ಡ ಕೆಲಸ ಬಂದಾಗಲೆಲ್ಲ ಶಿಷ್ಯರೂ ಜೊತೆಗಿರುತ್ತಿದ್ದರು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆಂದು ಗಾಂಧೀಜಿ ಕೇಳಿದಾಗ ತಯಾರಾದ ಸುಮಾರು 400 ಫಲಕಗಳಲ್ಲಿ ಹೆಚ್ಚಿನವು ಶಿಷ್ಯರ ಕೈಯವು. ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಅಲಂಕರಿಸಿದ್ದೂ ಇದೇ ಗುರುಶಿಷ್ಯರ ತಂಡ.

ಇವೆಲ್ಲಕ್ಕಿಂತ ನನಗೆ ದೊಡ್ಡದೆನಿಸುವುದು ಶಾಂತಿನಿಕೇತನದಲ್ಲೇ ಇರುವ ಹಿಂದಿ ಭವನದ ಭಿತ್ತಿಚಿತ್ರ. 1946-47ರಲ್ಲಿ ಕಲಾಭವನದ ಮೇಷ್ಟ್ರು ವಿನೋದ ಬಿಹಾರಿ ಮುಖರ್ಜಿ ಅಲ್ಲಿ ಮಧ್ಯಯುಗದ ಸಂತರ ಬದುಕನ್ನು ಮೂರು ಗೋಡೆಗಳ ಮೇಲ್ಭಾಗದಲ್ಲಿ ಬರೆದರು. ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದರ ದೃಷ್ಟಿ ತೀರಾ ಮಂದ. ಆದರೂ ಅಷ್ಟು ದೊಡ್ಡ ಗೋಡೆಗೆ ಅದೇ ಅಳತೆಯ ಕರಡು ಚಿತ್ರ ಇಟ್ಟುಕೊಳ್ಳದೆ ನೇರ ಬರೆಯುತ್ತಾ ಹೋದರು. ಹಸಿ ಗಾರೆಯ ಮೇಲಿನ ಚಿತ್ರ ತಡಮಾಡಿದರೆ ಕೆಟ್ಟಿತು. ಆ ದಿನಕ್ಕೆ ಬೇಕಾದಷ್ಟೇ ಸುಣ್ಣದ ಗಾರೆ ಬಳಿಯಬೇಕು, ನೀರಿನಲ್ಲಿ ಕಲಸಿದ ಬಣ್ಣವನ್ನು ಅದು ಒಣಗುವ ಮೊದಲೇ ಹಚ್ಚಬೇಕು. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆಮೇಲೆ ತಿದ್ದಬೇಕೆಂದರೆ ಕೆತ್ತಿ ತೆಗೆಯಬೇಕು. ಒಬ್ಬರಿಂದ ಆಗುವ ಮಾತಲ್ಲ ಇದು. ಸಹಾಯಕ್ಕೆ ನಿಂತ ವಿದ್ಯಾರ್ಥಿಗಳಲ್ಲಿ ಕೆ.ಜಿ. ಸುಬ್ರಮಣ್ಯನ್ ಒಬ್ಬರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋಗಿ, ಸರ್ಕಾರಿ ಕಾಲೇಜುಗಳ ಬಾಗಿಲು ತನಗೆ ಮುಚ್ಚಿದ ಮೇಲೆ 1944ರಲ್ಲಿ ಇಲ್ಲಿಗೆ ಬಂದಿದ್ದ ತರುಣ. ಆ ಗೋಡೆಯ ಸಂತರ ಸಾಲಿನಲ್ಲಿ ಕಬೀರ, ಸೂರದಾಸ, ತುಲಸೀದಾಸರ ಜೊತೆ ರಾಮಾನುಜರೂ ಇದ್ದಾರೆ. ಮೇಲುಕೋಟೆ ಕಂಡವರಿಗೆ ಅವರು ಹೊರಗಿನವರಲ್ಲ.

ವಿನೋದ ಬಿಹಾರಿ ಮುಂದೆ ಪೂರ್ತಿ ದೃಷ್ಟಿ ಕಳೆದುಕೊಂಡರು. ಅವರ ಬಗ್ಗೆ ‘ದಿ ಇನ್ನರ್ ಐ’ ಸಾಕ್ಷ್ಯಚಿತ್ರ (1972) ಮಾಡಿದ ಸತ್ಯಜಿತ್ ರಾಯ್ ಕೂಡ ಕಲಾಭವನದ ಹಳೆಯ ವಿದ್ಯಾರ್ಥಿ. ಸುಬ್ರಮಣ್ಯನ್ ಮೇಷ್ಟ್ರಾಗಿ ಶಾಂತಿನಿಕೇತನಕ್ಕೆ ಮರಳಿದರು. ಕಲಾಭವನದ ಒಂದು ಕಟ್ಟಡದ ಹೊರಗೋಡೆಗಳ ಮೇಲೆ ಅವರ ಕಪ್ಪು-ಬಿಳುಪು ಚಿತ್ರಗಳು ಈಗಲೂ ಇವೆ.

ಶಾಂತಿನಿಕೇತನ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹೌರಾದಿಂದ ರೈಲಿನಲ್ಲಿ ಬೋಲ್ಪುರಕ್ಕೆ ಇಳಿದರೆ ಹತ್ತಿರ. ಡಿಸೆಂಬರ್ ಮೊದಲೆರಡು ದಿನ, ನಂದಲಾಲರ ಹುಟ್ಟುಹಬ್ಬಕ್ಕೆ ಮುಂಚೆ, ವಿದ್ಯಾರ್ಥಿಗಳು ತಾವು ಮಾಡಿದ್ದನ್ನು ಮಾರುವ ನಂದನ ಮೇಳ ನಡೆಯುತ್ತದೆ. ಅದಕ್ಕೆ ಹೊಂದಿಸಿಕೊಂಡು ಹೋಗುವುದು ಒಳ್ಳೆಯದು. ಹಿಂದಿ ಭವನದ ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿ ವಾರದ ರಜೆ ಭಾನುವಾರವಲ್ಲ, ಬುಧವಾರ.